ಇಲ್ಲದ ಬಾವಿಯ ಪಕ್ಕದ ಮನೆ

ಮನುಷ್ಯನಿಗೆ ಒಂದಾದರೂ ಚಟ ಇರುತ್ತದೆ. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ಬೀಡಿ, ನಮ್ಮ ಅಕ್ಕನಿಗೆ ಮಧ್ಯಾಹ್ನದ ಧಾರಾವಾಹಿ. ನನ್ನದು ದಾರಿ ಹೇಳುವ ಚಟ. ಕೋಲಾರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಸೈಕಲ್ ಶಾಪ್ ಇದೆ. ಈಗ ಸೈಕಲ್ಲುಗಳು ಬರುವುದು ಕಡಿಮೆ, ಸ್ಕೂಟರುಗಳ ಪಂಕ್ಚರ್ ಹಾಕುವುದೇ ಹೆಚ್ಚು. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತ ಕೂತವನ ಎದುರಿಗೆ ಯಾರಾದರೂ ಬಂದು, "ಅಣ್ಣ, ಕಂಬಳಿ ಬೀದಿ ಎಲ್ಲಿ?" ಎಂದರೆ ಸಾಕು, ಟ್ಯೂಬನ್ನು ಅಲ್ಲೇ ಬಿಟ್ಟು ಎದ್ದು ನಿಲ್ಲುತ್ತೇನೆ. ಕೈಯಲ್ಲಿ ಸೊಲ್ಯೂಷನ್ ಮೆತ್ತಿಕೊಂಡಿದ್ದರೂ ಗಾಳಿಯಲ್ಲಿ ಬೀದಿಯ ನಕ್ಷೆ ಬರೆದು ತೋರಿಸುತ್ತೇನೆ. ಕೇಳಿದವರು ಕೈಮುಗಿದು ಹೊರಡುತ್ತಾರೆ. ಸ್ವಲ್ಪ ಹೊತ್ತಿಗೆ ಅವರೇ ನನ್ನ ಅಂಗಡಿಯ ಮುಂದೆ ಎದುರು ದಿಕ್ಕಿನಲ್ಲಿ ನಡೆದುಹೋಗುತ್ತಿರುತ್ತಾರೆ. ಆಗ ಅವರು ನನ್ನ ಕಡೆ ನೋಡುವುದಿಲ್ಲ. ನಾನೂ ಗುಳ್ಳೆಗಳನ್ನು ಬಹಳ ಗಮನವಿಟ್ಟು ನೋಡುತ್ತಿರುತ್ತೇನೆ.

ನಾನು ಸುಳ್ಳು ದಾರಿ ಹೇಳುವವನಲ್ಲ. ಹುಟ್ಟಿ ಬೆಳೆದ ಬೀದಿ ಅದು, ಸುಳ್ಳು ಹೇಳಲಾದರೂ ಹೇಗೆ ಸಾಧ್ಯ? ನಾನು ಹೇಳುವ ಗುರುತುಗಳೆಲ್ಲ ನಿಜ, ಆದರೆ ಅವು ಈಗ ಇಲ್ಲ, ಅಷ್ಟೇ. ಸೋಡಾ ಅಂಗಡಿ ದಾಟಿ ಎನ್ನುತ್ತೇನೆ. ಗೋಲಿ ಸೋಡಾ ಮಾರುತ್ತಿದ್ದವರು ಬಾಗಿಲು ಹಾಕಿಕೊಂಡು ಹೋಗಿ ಅಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ ಬಂತು, ಅದೂ ಹೋಗಿ ಈಗ ಬ್ಯೂಟಿ ಪಾರ್ಲರ್ ಇದೆ. ಬೇವಿನ ಮರದ ಹತ್ತಿರ ಎನ್ನುತ್ತೇನೆ. ಮರ ಇದ್ದ ಜಾಗದಲ್ಲಿ ಕರೆಂಟಿನ ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುತ್ತಿದೆ. ಬಾವಿಯ ಪಕ್ಕದ ಮನೆ ಎನ್ನುತ್ತೇನೆ. ಬಾವಿಗೆ ಚಪ್ಪಡಿ ಹಾಕಿ ಅದರ ಮೇಲೆ ಕಾಸು ಹಾಕಿದರೆ ನೀರು ಬರುವ ಪೆಟ್ಟಿಗೆ ಕೂರಿಸಿದ್ದಾರೆ. ಒಮ್ಮೆ ಪಾರ್ಸೆಲ್ ತರುವ ಹುಡುಗನೊಬ್ಬ ಫೋನಿನಲ್ಲಿ, "ಅಣ್ಣಾ, ನೀವು ಹೇಳ್ತಿರೋದು ನಮ್ ತಾತಂಗೆ ದಾರಿ ಆಗುತ್ತೆ, ನಂಗಲ್ಲ" ಎಂದು ಬೇಸರ ಮಾಡಿಕೊಂಡ. ಶಾಲೆಯಲ್ಲಿ ನನಗೆ ರಾಜರುಗಳ ಹೆಸರು ನೆನಪಿರುತ್ತಿರಲಿಲ್ಲ. ಚರಿತ್ರೆಯ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿಯೇ ಪಾಠ ಮಾಡುತ್ತಿದ್ದರು. ಏಳನೇ ಕ್ಲಾಸಿಗೆ ನಾನೂ ಚರಿತ್ರೆಯೂ ಬೇರೆ ಬೇರೆಯಾದೆವು. ಆದರೆ ನಮ್ಮ ಬೀದಿಯ ವಿಷಯ ಬಂದರೆ ಯಾವ ಮನೆಯ ಹೆಂಚು ಇಳಿದು ಯಾವಾಗ ಸಿಮೆಂಟಿನ ಮೋಲ್ಡ್ ಬಂತು ಎನ್ನುವುದನ್ನೂ ನಿದ್ದೆಗಣ್ಣಿನಲ್ಲಿ ಹೇಳಬಲ್ಲೆ. ಈಗ ಏನಿದೆ ಎಂದು ಕೇಳಿದರೆ ಮಾತ್ರ ಹೋಗಿ ನೋಡಿಕೊಂಡು ಬರಬೇಕು.

ಬೀದಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಈಗ ನಗರಸಭೆಯವರು ತೂಗುಹಾಕಿರುವ ಹಸಿರು ಬೋರ್ಡಿನಲ್ಲಿ ಅದು ಎಷ್ಟನೆಯದೋ ಅಡ್ಡರಸ್ತೆ. ಆದರೆ ಯಾರ ಬಾಯಲ್ಲಿಯೂ ಕಂಬಳಿ ಬೀದಿಯೇ. ಒಂದು ಕಾಲಕ್ಕೆ ಮನೆಮನೆಯಲ್ಲೂ ಮಗ್ಗವಿತ್ತಂತೆ. ಬೆಳಿಗ್ಗೆ ಎದ್ದ ಕೂಡಲೇ ಬೀದಿಯ ಉದ್ದಕ್ಕೂ ಉಣ್ಣೆಯ ಹಾಸುನೂಲು ಎಳೆದು ಕಟ್ಟಿ, ಅದಕ್ಕೆ ಹುಣಸೆಬೀಜದ ಗಂಜಿ ಬಳಿದು ಬಿಸಿಲಿಗೆ ಒಣಗಿಸುತ್ತಿದ್ದರಂತೆ. ಬೀದಿಯ ನಡುವೆಲ್ಲ ನೂಲು. ಜನ ಗೋಡೆ ಒತ್ತಿಕೊಂಡು ಓಡಾಡಬೇಕು. ಕೊನೆಯ ಮಗ್ಗ ನಿಂತಾಗ ನಾನು ಚಡ್ಡಿ ಹಾಕುತ್ತಿದ್ದವನು. ಆದರೆ ಬೀದಿಯ ಬಾಯಲ್ಲೇ ಜಗಲಿಯ ಮೇಲೆ ಕೂರುವ ಮುನಿಶಾಮಪ್ಪ ತಾತ, ಆ ಮಗ್ಗಗಳಲ್ಲಿ ನೇಯ್ದ ಕೈ, ಇವತ್ತಿಗೂ ಹಾಲು ತರಲು ಹೊರಟರೆ ಗೋಡೆ ಒತ್ತಿಕೊಂಡೇ ನಡೆಯುತ್ತಾರೆ. ಖಾಲಿ ಬೀದಿಯಲ್ಲಿ ಇಲ್ಲದ ನೂಲು ತಪ್ಪಿಸಿಕೊಂಡು ಹೋಗುವ ಅವರನ್ನು ನೋಡಿದರೆ ನನಗೆ ನಗು ಬರುತ್ತದೆ. ನಕ್ಕ ಮೇಲೆ ನನ್ನ ದಾರಿ ಹೇಳುವ ರೀತಿಯೂ ಇದೇ ಅಲ್ಲವೇ ಎಂದು ಬಾಯಿ ಮುಚ್ಚಿಕೊಳ್ಳುತ್ತೇನೆ.

ಮಗ್ಗ ಹೋದರೂ ಮಗ್ಗದ ಕಾಲದ ಒಂದು ಪದ್ಧತಿ ಉಳಿದಿದೆ. ಉಣ್ಣೆ ಮಾರುವವರು, ಕಂಬಳಿ ಕೊಳ್ಳುವವರು ಹಳ್ಳಿಗಳಿಂದ ನಡೆದು ಬರುತ್ತಿದ್ದರಲ್ಲ, ಅವರು ಯಾರ ಜಗಲಿಯ ಮೇಲೆ ಕೂತರೂ ಆ ಮನೆಯವರು ಮೊದಲು ನೀರು, ಆಮೇಲೆ ಅಂಬಲಿ ಕೊಡಬೇಕು. ಹೊಟ್ಟೆಗೆ ಬೀಳುವ ಮೊದಲು "ನೀವು ಯಾರು, ಯಾವ ಊರು" ಎಂದು ಕೇಳಿದರೆ ಬಂದವರಿಗೆ ಅವಮಾನ. ಅಂಬಲಿಯ ಜಾಗಕ್ಕೆ ಕಾಫಿ, ಉಪ್ಪಿಟ್ಟು ಬಂದಿವೆ. ಪದ್ಧತಿ ಹಾಗೇ ಇದೆ. ಇದರಿಂದ ಲೈಟ್ ಬಿಲ್ಲಿನವರು, ಜನಗಣತಿಯವರು, ಒಮ್ಮೆ ಸಾಲ ವಸೂಲಿಗೆ ಬಂದವರು ಕೂಡ ನಮ್ಮ ಬೀದಿಯಲ್ಲಿ ಉಂಡು ಹೋಗಿದ್ದಾರೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಅಕ್ಕ ಲಕ್ಷ್ಮಮ್ಮ ನನ್ನನ್ನು ಸಾಕಿದವಳು. ಭಾವ ತೀರಿಕೊಂಡ ಮೇಲೆ ಆ ಮನೆಯ ಹೊರಗಿನ ಕೆಲಸಗಳೆಲ್ಲ ನನ್ನವು. ಅವಳ ಒಬ್ಬಳೇ ಮಗಳು ಸುಮ ಇಲ್ಲೇ ಶಾಲೆಯೊಂದರಲ್ಲಿ ಟೀಚರು. ಬಂದ ಗಂಡುಗಳಿಗೆಲ್ಲ ಏನಾದರೊಂದು ಕೊಂಕು ತೆಗೆಯುತ್ತಿದ್ದ ಹುಡುಗಿ, ಈ ಬೇಸಿಗೆಯಲ್ಲಿ ಶ್ರೀನಿವಾಸಪುರದ ಕಡೆ ಯಲ್ದೂರಿನಿಂದ ಬಂದ ಜಾತಕದ ಜೊತೆಗಿದ್ದ ಫೋಟೋ ನೋಡಿ, "ಬರ್ಲಿ ಬಿಡಮ್ಮ" ಎಂದಳು. ಹುಡುಗ ಹಾಲಿನ ಡೇರಿಯಲ್ಲಿ ಕೆಲಸದಲ್ಲಿದ್ದ, ಮನೆಗೆ ಮಾವಿನ ತೋಟವಿತ್ತು. ಅವಳ "ಬರ್ಲಿ ಬಿಡಮ್ಮ" ಕೇಳಿ ಅಕ್ಕ ಒಳಗೆ ಹೋಗಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಹೆಣ್ಣು ನೋಡಲು ಬರುವ ಭಾನುವಾರದ ಬೆಳಿಗ್ಗೆ ಸುಮ, "ಮಾವ, ಅವರಿಗೆ ಮೊಬೈಲಲ್ಲಿ ಲೊಕೇಶನ್ ಕಳಿಸ್ಬಿಡ್ತೀನಿ, ಸೀದಾ ಬಾಗಿಲಿಗೆ ಬರ್ತಾರೆ" ಎಂದಳು. ನಾನು ಎದೆ ಉಬ್ಬಿಸಿ, "ನಾನಿಲ್ವಾ? ನಮ್ ಬೀದಿ ವಿಷ್ಯ ಆ ಫೋನಿಗೇನು ಗೊತ್ತಮ್ಮ? ನಾನ್ ಹೇಳ್ತೀನಿ ಬಿಡು" ಎಂದೆ. ಅಕ್ಕ ನನ್ನ ಮುಖ ನೋಡಿ, "ಲೇ ವೆಂಕಟೇಶ, ಹೇಳೋದು ಗೀಳೋದು ಬೇಡ. ಬೀದಿ ಬಾಯಲ್ಲಿ ನಿಂತ್ಕೊಂಡು ಕರ್ಕೊಂಡು ಬಾ, ಅಷ್ಟು ಮಾಡು" ಎಂದಳು. ಅಷ್ಟು ಮಾಡಿದ್ದರೆ ಆಗುತ್ತಿತ್ತು.

ಅವರು ಬರುವುದಕ್ಕೆ ಇನ್ನೂ ಹೊತ್ತಿದೆ ಎಂದುಕೊಂಡು ನಾನು ಹೂವಿನ ಮಾರುಕಟ್ಟೆಗೆ ಹೋದೆ. ಅವರು ಶುಭ ಹೊತ್ತು ನೋಡಿಕೊಂಡು ಬೇಗ ಹೊರಟುಬಿಟ್ಟಿದ್ದರು. ನಾನು ಮಲ್ಲಿಗೆ ಮೊಳ ಹಾಕಿಸುತ್ತಿರುವಾಗ ಫೋನ್ ಬಂತು. ಹುಡುಗನ ತಂದೆ ರಾಮಕೃಷ್ಣಪ್ಪ.

"ವೆಂಕಟೇಶಪ್ಪನೋರಾ? ನಾವು ಬಂದ್ಬಿಟ್ವಿ ಸ್ವಾಮಿ. ಕಂಬಳಿ ಬೀದಿ ಬಾಯಾಗಿದೀವಿ. ಮನೆಗೆ ಎಟ್ಲ ಬರ್ಬೇಕು?"

ನಿಂತಿರಿ, ಬಂದೆ ಎನ್ನಬಹುದಿತ್ತು. ಚಟ ಬಿಡಬೇಕಲ್ಲ. "ಅಯ್ಯೋ, ಸುಲಭ ಸ್ವಾಮಿ! ಸೋಡಾ ಅಂಗಡಿ ಸಿಗುತ್ತೆ, ದಾಟಿ. ಬೇವಿನ ಮರ. ಆಮೇಲೆ ಬಾವಿ. ಬಾವಿ ಪಕ್ಕದ್ದೇ ಮನೆ. ಯಾರನ್ನ ಕೇಳಿದ್ರೂ ಹೇಳ್ತಾರೆ" ಎಂದು ಫೋನ್ ಇಟ್ಟುಬಿಟ್ಟೆ. ನಮ್ಮ ಬೀದಿಗೆ ಬಾಯಿ ಇರುವುದು ನಡುಮಧ್ಯದಲ್ಲಿ. ಎಡಕ್ಕೆ ತಿರುಗಿದರೆ ಮೇಲುಬೀದಿ, ಬಲಕ್ಕೆ ಕೆಳಬೀದಿ. ಎಡಕ್ಕೋ ಬಲಕ್ಕೋ ಎನ್ನುವುದನ್ನು ನಾನು ಹೇಳಲೇ ಇಲ್ಲ. ಹೂವಿನವಳು ಮಾತ್ರ, "ಅಣ್ಣಾ, ಎಷ್ಟು ಚೆನ್ನಾಗಿ ದಾರಿ ಹೇಳ್ತೀಯ" ಎಂದು ಹೊಗಳಿದಳು.

ಅವರು ಕಣ್ಣಾಡಿಸಿದರು. ಸೋಡಾ ಇಲ್ಲ, ಬೇವೂ ಇಲ್ಲ. ಜಗಲಿಯ ಮೇಲೆ ಮುನಿಶಾಮಪ್ಪ ತಾತ ಕೂತಿದ್ದರು. ರಾಮಕೃಷ್ಣಪ್ಪನವರು ತೆಲುಗಿನಲ್ಲಿ, "ತಾತಾ, ಬಾವಿ ಎಕ್ಕಡುಂದಿ?" ಎಂದು ಕೇಳಿದರು. ಎಲ್ಲಿದೆ ಎಂದು ಕೇಳಿದವರೇ ಇಲ್ಲದ ಬಾವಿಯ ವಿಚಾರವನ್ನು ಎಷ್ಟೋ ಕಾಲದ ಮೇಲೆ ಒಬ್ಬರು ಕೇಳಿದ್ದಕ್ಕೆ ತಾತನಿಗೆ ಬಹಳ ಸಂತೋಷವಾಗಿ ಎದ್ದೇ ನಿಂತರಂತೆ. ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಬೀದಿಯಲ್ಲಿ ಇದ್ದದ್ದು ಎರಡು ಬಾವಿ. ಕೆಳಬೀದಿಯಲ್ಲಿ ನಮ್ಮ ಅಕ್ಕನ ಮನೆಯ ಪಕ್ಕ ಉಪ್ಪುನೀರಿನದು; ಅದು ನನ್ನ ಕಾಲದ ಬಾವಿ. ಮೇಲುಬೀದಿಯ ಕೊನೆಯಲ್ಲಿ ಸಿಹಿನೀರಿನದು. ನಾನು ಹುಟ್ಟುವ ಮೊದಲೇ ಮುಚ್ಚಿಹೋಗಿ, ಈಗ ಅಲ್ಲಿ ಟೊಮೆಟೊ ಕ್ರೇಟುಗಳನ್ನು ಜೋಡಿಸಿಡುತ್ತಾರೆ. ನನಗೆ ಬಾವಿ ಎಂದರೆ ನಮ್ಮದು. ತಾತನಿಗೆ ಬಾವಿ ಎಂದರೆ ಅದು. ಅವರ ಲೆಕ್ಕದಲ್ಲಿ ನಮ್ಮದು ಬಟ್ಟೆ ಒಗೆಯುವ ಗುಂಡಿ. ಹೀಗೆ ಇಲ್ಲದ ಒಂದು ಬಾವಿಗೆ ದಾರಿ ಕೇಳಿದವರನ್ನು ತಾತ ಅದಕ್ಕಿಂತ ಹಿಂದಿನ ಇಲ್ಲದ ಇನ್ನೊಂದು ಬಾವಿಗೆ ಕಳಿಸಿದರು. "ಎಡಕ್ಕೆ ಹೋಗ್ರಪ್ಪ, ಕೊನೆಗೆ. ಗೋಡೆ ಒತ್ಕೊಂಡು ಹೋಗಿ" ಎಂದೂ ಹೇಳಿದರಂತೆ. ಪಾಪ, ಮಾವಿನ ಹಣ್ಣಿನ ಬುಟ್ಟಿ ಹೊತ್ತ ಗಂಡಿನ ಕಡೆಯವರು, ಅದೂ ಊರಿನ ಶಾಸ್ತ್ರವಿರಬೇಕೆಂದು, ಸಾಲಾಗಿ ಗೋಡೆ ಒತ್ತಿಕೊಂಡೇ ನಡೆದರು.

ಸಿಹಿನೀರಿನ ಬಾವಿಯ ಪಕ್ಕದ ಮನೆ ಶಾರದಮ್ಮನದು. ಇಡೀ ಕೋಲಾರದಲ್ಲಿ ಅವರು ಹೋಗಬಾರದಿದ್ದ ಮನೆ ಇದ್ದದ್ದು ಅದೊಂದೇ. ಶಾರದಮ್ಮನಿಗೂ ನಮ್ಮ ಅಕ್ಕನಿಗೂ ಮಾತಿಲ್ಲ. ಕಾರಣ ಬೀದಿದೀಪದ ಕಂಬ. ತನ್ನ ಮನೆಯ ಮುಂದೆ ಬೇಕೆಂದು ಅಕ್ಕ ಕೇಳಿದ್ದಳು, ತನ್ನ ಮನೆಯ ಮುಂದೆ ಬೇಕೆಂದು ಆಕೆ ಕೇಳಿದ್ದಳು. ನಗರಸಭೆಯವರು ಇಬ್ಬರಿಗೂ ಬೇಡವೆಂದು ಬೀದಿಯ ಬಾಯಲ್ಲಿ ನೆಟ್ಟು ಹೋದರು. ಇನ್ನೊಬ್ಬಳು ಚಾಡಿ ಹೇಳಿದ್ದರಿಂದಲೇ ತನಗೆ ತಪ್ಪಿತು ಎಂದು ಇಬ್ಬರೂ ಅವತ್ತಿನವರೆಗೆ ನಂಬಿದ್ದರು. ಅಕ್ಕನ ಕಡೆಯವನಾದ್ದರಿಂದ ನಾನೂ ಶಾರದಮ್ಮನ ಕಡೆ ಮುಖ ತಿರುಗಿಸುತ್ತಿದ್ದೆ. ಆಕೆಯ ಸ್ಕೂಟರಿಗೆ ಪಂಕ್ಚರ್ ಹಾಕುವಾಗ ಮಾತ್ರ ತಿರುಗಿಸುತ್ತಿರಲಿಲ್ಲ, ಅದು ವ್ಯಾಪಾರ.

ಮುಂದಿನದು ಆಮೇಲೆ ಶಾರದಮ್ಮ ಅಕ್ಕನಿಗೆ ಕೇಳಿಸದ ಹಾಗೆ ನನಗೆ ಹೇಳಿದ್ದು. ಬಾಗಿಲಿಗೆ ಜನ ಬಂದರು, ಬುಟ್ಟಿ ಕೊಟ್ಟರು. ಸೊಸೆಯ ತವರಿನ ಕಡೆಯವರಿರಬೇಕು ಎಂದು ಶಾರದಮ್ಮ ಚಾಪೆ ಹಾಸಿದಳು. ಅತ್ತೆಯ ಕಡೆಯವರಿರಬೇಕು ಎಂದು ಸೊಸೆ ರವೆ ಹುರಿದಳು. ಯಾರು ಎಂದು ಕೇಳುವ ಹಾಗಿಲ್ಲ. ಉಪ್ಪಿಟ್ಟು ಬಂತು, ಕಾಫಿ ಬಂತು, ಅವರೇ ತಂದ ಹಣ್ಣನ್ನು ಅವರಿಗೇ ಕೊಯ್ದು ಕೊಟ್ಟದ್ದೂ ಆಯಿತು. "ಹಣ್ಣು ಭಾಳ ಸಿಹಿ ಇದೆಯಮ್ಮ" ಎಂದು ರಾಮಕೃಷ್ಣಪ್ಪ ತಮ್ಮ ತೋಟದ ಹಣ್ಣನ್ನೇ ಮರ್ಯಾದೆಗೆ ಹೊಗಳಿದರಂತೆ. ಆಮೇಲೆ ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು, "ಇನ್ನು ಹುಡುಗೀನ ಕರೀರಮ್ಮ, ನೋಡಾಣ" ಎಂದರು.

ಶಾರದಮ್ಮನ ಮನೆಯಲ್ಲಿರುವ ಹುಡುಗಿ ಎಂದರೆ ಮೊಮ್ಮಗಳು ಪುಟ್ಟಿ, ಈಗಷ್ಟೇ ಹಾಲುಹಲ್ಲು ಬಿದ್ದವಳು. "ಬಾ ಚಿನ್ನ, ಅಜ್ಜಿ ನೋಡ್ಬೇಕಂತೆ" ಎಂದು ಕರೆದಳು. ಪುಟ್ಟಿ ಗೊಂಬೆ ಹಿಡಿದುಕೊಂಡು ಬಂದು ನೇರ ಹುಡುಗನ ಪಕ್ಕದಲ್ಲಿ ಕೂತು, "ನಿನ್ ಫೋನಲ್ಲಿ ಗೇಮ್ ಐತಾ?" ಎಂದು ಕೇಳಿತು. ಹುಡುಗನ ತಾಯಿ ಮಗುವಿನ ಹಿಂದೆ ಇನ್ಯಾರಾದರೂ ಬರುತ್ತಾರೇನೋ ಎಂದು ಬಾಗಿಲು ನೋಡಿದರು. ಯಾರೂ ಬರಲಿಲ್ಲ. "ಇವಳಲ್ಲಮ್ಮ... ಸುಮ?" ಎಂದರು. ಶಾರದಮ್ಮನಿಗೆ ಆಗ ಅರ್ಥವಾಗಿ, ಸುಮಳ ಮನೆ ಕೆಳಬೀದಿಯಲ್ಲಿದೆ ಎಂದಳು.

ಅದೇ ಹೊತ್ತಿಗೆ ನಾನು ಹೂವು ಹಿಡಿದು ಬೀದಿಗೆ ಬಂದೆ. ಕೆಳಬೀದಿಯಲ್ಲಿ ಯಾರೂ ಇಲ್ಲ. ತಾತ ಜಗಲಿಯಿಂದ, "ನಿಮ್ಮೋರು ಬಂದ್ರಲ್ಲೋ, ಬಾವಿ ತಾವ ಕಳಿಸ್ದೆ" ಎಂದು ಖುಷಿಯಿಂದ ಮೇಲಕ್ಕೆ ಕೈ ತೋರಿಸಿದರು. ನನ್ನ ಜೀವ ಹಾರಿಹೋಯಿತು. ಓಡಿಹೋಗಿ ಶಾರದಮ್ಮನ ಜಗಲಿಯ ಮುಂದೆ ನಿಂತರೆ ಒಳಗೆ ಮಾತು ಕೇಳಿಸುತ್ತಿದೆ. ನಮ್ಮ ಕಡೆ ಹೆಣ್ಣು ಕೊಟ್ಟು ತರುವ ಮೊದಲು ಬೀದಿಯಲ್ಲಿ ಗುಟ್ಟಾಗಿ ವಿಚಾರಿಸುತ್ತಾರೆ. ಬೈಯಬೇಕಾಗಿಲ್ಲ, "ಏನೋಪ್ಪ, ಊರೋರ ವಿಷ್ಯ ನಮಗ್ಯಾಕೆ" ಎಂದರೂ ಸಾಕು, ಸಂಬಂಧ ಮುರಿದಂತೆ. ಇಲ್ಲಿ ಗುಟ್ಟೇ ಬೇಕಿರಲಿಲ್ಲ. ವಿಚಾರಿಸುವವರನ್ನು ನಾನೇ ಹೂವಿನ ಮಾರುಕಟ್ಟೆಯಿಂದ ಕಳಿಸಿಕೊಟ್ಟು, ಉಪ್ಪಿಟ್ಟು ಕೊಡಿಸಿ ಕೂರಿಸಿದ್ದೆ.

"ಹಂಗಾದ್ರೆ ಆ ಮನೆಯೋರು ನಿಮಗೆ ಗೊತ್ತಾ? ಹೆಂಗಮ್ಮ ಜನ?" ಹುಡುಗನ ತಾಯಿ ಕೇಳಿದರು.

ಶಾರದಮ್ಮ, "ಲಕ್ಷ್ಮಮ್ಮಂಗೂ ನನಗೂ ಮಾತಿಲ್ಲ" ಎಂದಳು. ಮಲ್ಲಿಗೆ ದಂಡೆ ನನ್ನ ಕೈಯಲ್ಲಿ ತೂಕವಾಯಿತು. "ಒಂದು ಲೈಟು ಕಂಬಕ್ಕೆ ಕಿತ್ತಾಡಿದೀವಿ. ಜಗಳದಾಗೆ ನಾನು ನಾಲ್ಕು ಮಾತು ಜಾಸ್ತಿ ಆಡಿದೀನಿ, ಆಯಮ್ಮ ಒಂದು ಕೆಟ್ಟ ಮಾತು ಆಡ್ಲಿಲ್ಲ. ಅದಕ್ಕೇ ನನಗೆ ಇನ್ನೂ ಕೋಪ. ಆ ಹುಡುಗಿ ಇದೆಯಲ್ಲ, ಅವರಮ್ಮ ಮಾತು ಬಿಟ್ರೂ ಅದು ಬಿಡ್ಲಿಲ್ಲ. ಅಂಗಡಿ ತಾವ ಸಿಕ್ಕಿದ್ರೆ 'ಚೆನ್ನಾಗಿದೀರಾ ಅತ್ತೆ' ಅಂತ ನಿಂತು ಮಾತಾಡಿಸಿಯೇ ಹೋಗೋದು. ನನಗೆ ಇನ್ನೊಬ್ಬ ಮಗ ಇಲ್ಲ. ಇದ್ದಿದ್ರೆ ನೀವು ಯಲ್ದೂರಿಂದ ಬರೋಗಂಟ ಬಿಡ್ತಿದ್ನಾ ನಾನು?"

ರಾಮಕೃಷ್ಣಪ್ಪ ಜೋರಾಗಿ ನಕ್ಕರು. ನಾನು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಶಾರದಮ್ಮ ನೋಡಿಬಿಟ್ಟಳು. "ಏನಪ್ಪ ಸೋದರಮಾವ, ಕಂಬ ಇದ್ದಂಗೆ ನಿಂತ್ಬಿಟ್ಟೆ? ಕಂಬ ಕಂಡ್ರೆ ನನಗಾಗಲ್ಲ, ಒಳಗ್ ಬಾ" ಎಂದಳು. ನಾನು ಒಳಗೆ ಹೋಗಿ ಎಲ್ಲರಿಗೂ ಒಟ್ಟಾಗಿ ಕೈಮುಗಿದೆ. ಪುಟ್ಟಿಗೂ ಮುಗಿದೆನಂತೆ.

ಅಲ್ಲಿಂದ ಮೆರವಣಿಗೆ ಹೊರಟಿತು. ಮುಂದೆ ಅರಿಸಿನ ಕುಂಕುಮದ ತಟ್ಟೆ ಹಿಡಿದ ಶಾರದಮ್ಮ, ಹಿಂದೆ ಗಂಡಿನ ಕಡೆಯವರು, ಅರ್ಧ ಖಾಲಿಯಾದ ಬುಟ್ಟಿ, ಎಲ್ಲರ ಹಿಂದೆ ಹೂವು ಹಿಡಿದ ಅಪರಾಧಿ. ಅಕ್ಕ ಜಗಲಿಯ ಮೇಲೆ ನಿಂತು ದಾರಿ ಕಾಯುತ್ತಿದ್ದಳು. ಮೇಲುಬೀದಿಯ ಕಡೆಯಿಂದ, ಅದೂ ಶಾರದಮ್ಮನ ಬೆನ್ನ ಹಿಂದೆ, ತನ್ನ ಬೀಗರಾಗಬೇಕಾದವರು ಬರುವುದನ್ನು ಕಂಡು ಅವಳ ಮುಖ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತು. ಅವಳ ಕಣ್ಣು ನನ್ನನ್ನು ಹುಡುಕಿತು. ನಾನು ರಾಮಕೃಷ್ಣಪ್ಪನವರ ಹಿಂದೆ ಅಡಗಿ ಅವರ ಬೆನ್ನಿನಷ್ಟೇ ಅಗಲವಾದೆ.

"ನಾನೇ ತಡೆದೆ ಕಣೇ ಲಕ್ಷ್ಮಮ್ಮ" ಎಂದಳು ಶಾರದಮ್ಮ, ನಿನ್ನೆ ಸಂಜೆ ಮಾತಾಡಿದವಳ ಹಾಗೆ. "ನಮ್ ಬೀದಿಗೆ ಬಂದೋರನ್ನ ಒಂದು ಲೋಟ ನೀರು ಕೊಡ್ದೆ ಕಳ್ಸೋಕಾಗುತ್ತಾ? ಸುಮ ನಿನಗೊಬ್ಬಳಿಗೇ ಮಗಳಾ? ಬೈಯೋದಿದ್ರೆ ನಾಳೆ ಬೈ. ಈಗ ಒಳಕ್ಕೆ ಕರಿ."

ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡರು. ಹಿರಿಯ ಮನುಷ್ಯ ರಾಮಕೃಷ್ಣಪ್ಪ. "ಔನಮ್ಮ, ಶಾನೆ ಬಲವಂತ ಮಾಡಿದ್ರು. ಎಂತ ಮಂಚಿ ವೀಧಿ ನಿಮ್ದು!" ಎಂದು ಬೀದಿಯನ್ನೇ ಹೊಗಳಿಬಿಟ್ಟರು. ಅಕ್ಕ ಮೆಟ್ಟಿಲಿಳಿದು ಬಂದು ಶಾರದಮ್ಮನ ಕೈಯಿಂದ ತಟ್ಟೆ ತೆಗೆದುಕೊಂಡಳು. ಆಮೇಲೆ ಖಾಲಿಯಾದ ಆ ಕೈಯನ್ನೂ ಹಿಡಿದುಕೊಂಡು ಒಳಗೆ ಹೋದಳು.

ಒಳಗೆ ಮತ್ತೆ ಉಪ್ಪಿಟ್ಟು! ಜೊತೆಗೆ ಕೇಸರಿಬಾತ್, ಬೋಂಡ. ಹೆಣ್ಣಿನ ಮನೆಯಲ್ಲಿ ತಟ್ಟೆ ಬಿಟ್ಟರೆ ಹೆಣ್ಣು ಹಿಡಿಸಲಿಲ್ಲವೆಂದು ಅರ್ಥ ಮಾಡುವ ಕಾಲ ಇನ್ನೂ ಹೋಗಿಲ್ಲ. ಹಿರಿಯರು ಬೆರಳ ತುದಿಯಲ್ಲಿ ಆಡಿಸುತ್ತ ಕೂತರು. ಹುಡುಗ ಮಾತ್ರ ತಲೆ ತಗ್ಗಿಸಿ, ಬೆವರೊರೆಸಿಕೊಂಡು, ಒಂದು ಅಗುಳು ಬಿಡದೆ ತಿಂದ. ಅಕ್ಕ ಇನ್ನೊಂದು ಸೌಟು ಹಾಕಿದಳು. ಅದನ್ನೂ ತಿಂದ. ಮೂರನೆಯ ಸೌಟು ಬರುವುದನ್ನು ಕಂಡಾಗ ಅವನ ಕಣ್ಣಲ್ಲಿ ಮೂಡಿದ ಭಯ ನೋಡಿ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಮ ತಡೆಯಲಾರದೆ ಕಿಸಕ್ಕನೆ ನಕ್ಕಳು. ಹುಡುಗ ತಲೆ ಎತ್ತಿ ನೋಡಿ, ಬಾಯಿ ತುಂಬ ಉಪ್ಪಿಟ್ಟು ಇಟ್ಟುಕೊಂಡೇ ತಾನೂ ನಕ್ಕ. ಜಾತಕ, ನಕ್ಷತ್ರ ಎಲ್ಲ ಆಮೇಲಿನ ಮಾತಾಯಿತು. ಹೊರಡುವ ಮುಂಚೆಯೇ ತಾಂಬೂಲಕ್ಕೆ ದಿನ ನೋಡಿಸಲು ಹೇಳಿದರು.

ಎಲ್ಲ ಸುಖವಾಗಿ ಮುಗಿಯಿತಲ್ಲ, ಸುಮ್ಮನಿರಬಹುದಿತ್ತು. ಆದರೆ ಅನ್ನ ಸೇರಲಿಲ್ಲ. ಅಕ್ಕ ಬಡಿಸುವಾಗಲೆಲ್ಲ, ಇವಳ ಮಗಳ ಬದುಕನ್ನು ಮಲ್ಲಿಗೆ ಹೂವಿನ ಅಂಗಡಿಯಲ್ಲಿ ನಿಂತು ಆಟಕ್ಕಿಟ್ಟೆನಲ್ಲ ಎಂದು ತಟ್ಟೆ ಬಿಟ್ಟು ಏಳುತ್ತಿದ್ದೆ. ಶಾರದಮ್ಮ ನನ್ನ ಮೇಲೆ ಬರಬೇಕಾದ ಬೈಗುಳವನ್ನು ತಾನು ತೆಗೆದುಕೊಳ್ಳಲು ಸಿದ್ಧಳಾಗಿದ್ದಳು, ನಾನು ಅದರ ಹಿಂದೆ ಅಡಗಿದ್ದೆ. ಹೇಳಿಬಿಡಬೇಕೆಂದು ನಿಶ್ಚಯಿಸಿ ಒಂದು ಮಧ್ಯಾಹ್ನ ಹೋದೆ. ಅಕ್ಕ, ಶಾರದಮ್ಮ ಇಬ್ಬರೂ ಈಳಿಗೆಮಣೆ ಹಾಕಿಕೊಂಡು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದರು. ಧಾರಾವಾಹಿ ಕೂಡ ಹಾಕಿರಲಿಲ್ಲ. ಅಷ್ಟು ಮಾತು ಬಾಕಿ ಇತ್ತು ಇಬ್ಬರ ನಡುವೆ.

"ಅಕ್ಕ, ಅವತ್ತು ಶಾರದಮ್ಮನೋರು ತಡೆದಿದ್ದಲ್ಲ. ನಾನು ಫೋನಲ್ಲಿ ತಪ್ಪು ದಾರಿ ಹೇಳಿದ್ದೆ. ಅದಕ್ಕೇ ಅವರು ಅಲ್ಲಿಗೆ ಹೋಗಿದ್ದು. ಎಲ್ಲಾ ನನ್ನಿಂದ ಆಗಿದ್ದು" ಎಂದೆ.

ಅಕ್ಕ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. "ನಾಚಿಕೆ ಆಗಲ್ವೇನೋ ನಿನಗೆ?" ಎಂದಳು. ನಾನು ತಲೆ ತಗ್ಗಿಸಿದೆ. ಬೈಯಲಿ, ಇದಕ್ಕಾಗಿಯೇ ಬಂದದ್ದು. "ಆಯಮ್ಮ ಜಗಳ ಮರೆತು, ಬಂದೋರನ್ನ ಕರ್ದು, ಉಪಚಾರ ಮಾಡಿ, ನಮ್ ಮನೆ ಮರ್ಯಾದೆ ಎತ್ತಿ ಹಿಡಿದ್ಲು. ಅದನ್ನೂ ನನ್ನಿಂದ ಆಯ್ತು ಅಂತ ಹೇಳ್ಕೊಳ್ಳೋಕೆ ಬಂದ್ಯಲ್ಲ! ಒಬ್ರಿಗೆ ಒಳ್ಳೆ ಹೆಸರು ಬಂದ್ರೆ ತಡ್ಕೊಳ್ಳೋಕಾಗಲ್ವಾ?"

"ಅಯ್ಯೋ, ಅದು ಒಳ್ಳೇದಲ್ಲ ಅಕ್ಕ, ತಪ್ಪು! ತಪ್ಪು ಮಾಡಿದೀನಿ ಅಂತಿದೀನಿ!"

"ಸಾಕು ಸುಮ್ನಿರು. ತಾತನೂ ಹಿಂಗೇ ಹೇಳ್ತಾ ಓಡಾಡ್ತಿದಾರೆ, ನಾನೇ ಕಳಿಸಿದ್ದು ಅಂತ. ಮದುವೆ ಗೊತ್ತಾದ ಮೇಲೆ ಎಲ್ರೂ ನಾನೇ ಮಾಡ್ದೆ ಅನ್ನೋರೇ."

ನಾನು ಶಾರದಮ್ಮನ ಕಡೆ ನೋಡಿದೆ. ಅಲ್ಲಿ ನನ್ನ ತಪ್ಪಿಗೆ ಸಾಕ್ಷಿ ಅವಳೊಬ್ಬಳೇ. ಅವಳು ತುಟಿ ಬಿಗಿಹಿಡಿದು, ಈಳಿಗೆಯ ಮೇಲೆ ಕಣ್ಣಿಟ್ಟು, ಒಂದು ಹುಳಿಕಾಯಿಯನ್ನು ಎರಡು ಹೋಳು ಮಾಡಿದಳು. ಆಮೇಲೆ ಬಹಳ ಕನಿಕರದ ದನಿಯಲ್ಲಿ, "ಹೋಗ್ಲಿ ಬಿಡೇ ಲಕ್ಷ್ಮಮ್ಮ, ಪಾಪ. ಸೋದರಮಾವ ಅಲ್ವಾ, ತನಗೂ ಒಸಿ ಹೆಸರು ಬರ್ಲಿ ಅಂತ ಆಸೆ ಇರುತ್ತೆ" ಎಂದು, ಒಂದು ಹೋಳಿಗೆ ಉಪ್ಪು ಖಾರ ಹಚ್ಚಿ, ಮಗುವಿಗೆ ಕೊಡುವ ಹಾಗೆ ನನ್ನ ಕೈಯಲ್ಲಿಟ್ಟಳು.

ನಾನು ಜಗಲಿಗೆ ಬಂದು ಕೂತು ಅದನ್ನು ತಿಂದೆ. ಒಳಗೆ ಇಬ್ಬರೂ ನನ್ನನ್ನೇ ಕುರಿತು ನಗುತ್ತಿದ್ದರು.